ಕರ್ಲಿ ಕುದುರೆಯ ಜೊತೆ: ಮೊದಲ ದಿನದಿಂದ ಮೊದಲ ಬಯಲು ಸವಾರಿಯವರೆಗೆ

ನಾನು ಬೆಳೆದದ್ದು ಮೈಸೂರಿನಲ್ಲಿ. ಕುದುರೆ ಎಂದರೆ ನನಗೆ ದಸರಾ ಮೆರವಣಿಗೆಯ ಪೊಲೀಸ್ ಕುದುರೆ. ಎತ್ತರದ ಮೈಕಟ್ಟು, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಮೈ. ಈಗ ಇರುವುದು ಅಮೆರಿಕದ ನೆವಾಡಾ ರಾಜ್ಯದಲ್ಲಿ, ರೀನೋ ಊರಿನ ಹೊರಗೆ. ಇಲ್ಲಿ ಒಂದು ಜನವರಿ ಬೆಳಿಗ್ಗೆ ಮೊದಲ ಸಲ ಕರ್ಲಿ ಕುದುರೆ ನೋಡಿದೆ. ಮೈತುಂಬ ಕುರಿಯ ಉಣ್ಣೆಯಂಥ ಸುರುಳಿ. ಕಿವಿಯೊಳಗೂ ಸುರುಳಿ. ಕಣ್ಣಿನ ರೆಪ್ಪೆ ಕೂಡ ಮೇಲಕ್ಕೆ ಸುತ್ತಿಕೊಂಡಿತ್ತು. ಬೇಲಿಯ ಹತ್ತಿರ ಹೋದರೆ ಅದು ಹಿಂದೆ ಸರಿಯಲಿಲ್ಲ. ಹತ್ತಿರ ಬಂದು ನನ್ನ ಕೈಗವಸನ್ನು ಮೂಸಿ ನೋಡಿತು.

ಅದಾಗಿ ಆರು ವರ್ಷ. ಈಗ ನಮ್ಮಲ್ಲೇ ಒಂದು ಕರ್ಲಿ ಹೆಣ್ಣು ಕುದುರೆ ಇದೆ. ಮೈಬಣ್ಣ ನೋಡಿ ಬೆಲ್ಲ ಅಂತ ಹೆಸರಿಟ್ಟೆವು. ಇಲ್ಲಿನ ಕನ್ನಡದ ಗೆಳೆಯರು ಮಕ್ಕಳನ್ನು ಸವಾರಿಗೆ ಸೇರಿಸುವ ಮುಂಚೆ ನನ್ನ ಹತ್ತಿರ ಕೇಳುವುದುಂಟು. ಅವರಿಗೆ ಹೇಳುವುದನ್ನೇ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟೋ ಕುದುರೆಗಳು ಹೆದರಿದರೆ ಮೊದಲು ಓಡುತ್ತವೆ, ಆಮೇಲೆ ತಿರುಗಿ ನೋಡುತ್ತವೆ. ಕರ್ಲಿ ಹೆಚ್ಚಾಗಿ ಮೊದಲು ನಿಲ್ಲುತ್ತದೆ. ಅದು ಯಾಕೆ ನಿಂತಿತು ಎಂದು ತಿಳಿಯುವುದೇ ಈ ಕುದುರೆಯ ಜೊತೆ ಕಲಿಯಬೇಕಾದ ದೊಡ್ಡ ವಿದ್ಯೆ.

ಇದು ಎಲ್ಲಿಯ ಕುದುರೆ

1898ರಲ್ಲಿ ನಡು ನೆವಾಡಾದ ಪೀಟರ್ ಹ್ಯಾನ್ಸನ್ ಬೆಟ್ಟಗಳಲ್ಲಿ ಡಮೇಲಿ ಕುಟುಂಬದ ತಂದೆ ಮಗ ಸವಾರಿ ಹೋಗುವಾಗ ಸುರುಳಿ ಕೂದಲಿನ ಕಾಡು ಕುದುರೆಗಳನ್ನು ಕಂಡರು. 1932ರ ಭೀಕರ ಚಳಿಗಾಲದಲ್ಲಿ ಆ ಕಡೆಯ ಬಹಳ ಕುದುರೆಗಳು ಸತ್ತವು, ಸುರುಳಿ ಕೂದಲಿನವು ಉಳಿದವು. ಆ ಚಳಿ ನೋಡಿದ ಮೇಲೆ ಡಮೇಲಿ ಮನೆಯವರು ಇವನ್ನೇ ಹಿಡಿದು, ಪಳಗಿಸಿ, ತಳಿ ಬೆಳೆಸಿದರು. 1971ರಲ್ಲಿ ತಳಿಗೆ ಒಂದು ನೋಂದಣಿ ಸಂಸ್ಥೆ ಶುರುವಾಯಿತು. ಅದರ ಹೆಸರಿನಲ್ಲಿ 'ಬಾಷ್ಕಿರ್' ಎಂಬ ಪದ ಸೇರಿಕೊಂಡಿತು. ರಷ್ಯಾದ ಬಾಷ್ಕಿರ್ ಕುದುರೆಗೂ ಇದಕ್ಕೂ ನಂಟಿದೆ ಎಂದು ಆಗ ಜನ ನಂಬಿದ್ದರು. ಹೆಸರು ಉಳಿಯಿತು, ನಂಟಿಗೆ ಆಧಾರ ಸಿಗಲಿಲ್ಲ.

ಉತ್ತರ ಅಮೆರಿಕದ ಮೂಲನಿವಾಸಿಗಳಿಗೆ ಇಂಥ ಕುದುರೆ ಇನ್ನೂ ಮೊದಲೇ ಗೊತ್ತಿತ್ತು. ಒಂದೊಂದು ವರ್ಷಕ್ಕೆ ಒಂದೊಂದು ಚಿತ್ರ ಬರೆದಿಡುವ ಪದ್ಧತಿ ಅವರಲ್ಲಿ 'ಸೂ' ಎಂಬ ಜನರಲ್ಲಿತ್ತು. 1800ರ ಆಸುಪಾಸಿನ ಆ ಚಿತ್ರಗಳಲ್ಲಿ ಮೈಮೇಲೆ ಸುರುಳಿ ಬಿಡಿಸಿದ ಕುದುರೆಗಳಿವೆ.

ಮೊದಲ ಹೆಜ್ಜೆ: ಅಲರ್ಜಿಯ ವಿಚಾರ

ಕರ್ಲಿಯನ್ನು ಹುಡುಕಿಕೊಂಡು ಬರುವವರಲ್ಲಿ ಅರ್ಧ ಜನ ಅಲರ್ಜಿಯ ಕಾರಣಕ್ಕೇ ಬರುತ್ತಾರೆ. ನಾವೂ ಹಾಗೇ ಬಂದದ್ದು. ನನ್ನ ಮಗನಿಗೆ ಬೇರೆ ಕುದುರೆಯ ಲಾಯಕ್ಕೆ ಕಾಲಿಟ್ಟರೆ ಹತ್ತು ನಿಮಿಷದಲ್ಲಿ ಕಣ್ಣು ಕೆಂಪಾಗಿ ಊದುತ್ತಿತ್ತು. ಬೆಲ್ಲಳ ಹತ್ತಿರ ಅಷ್ಟು ತೊಂದರೆ ಆಗುವುದಿಲ್ಲ. ಇದು ನಮ್ಮ ಮನೆಯ ಅನುಭವ, ಅಷ್ಟೇ. 'ಕರ್ಲಿಗೆ ಅಲರ್ಜಿಯೇ ಇಲ್ಲ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2018ರಲ್ಲಿ ಪ್ರಕಟವಾದ ಜರ್ಮನಿಯ ಸಂಶೋಧಕರ ಅಧ್ಯಯನ ಬೇರೆ ಬೇರೆ ತಳಿಗಳ ಕೂದಲನ್ನು ಪರೀಕ್ಷಿಸಿತ್ತು. ಅಲರ್ಜಿ ತರುವ ಪ್ರೋಟೀನು ಕರ್ಲಿಯ ಕೂದಲಲ್ಲಿ ಕಡಿಮೆ ಏನೂ ಇರಲಿಲ್ಲ. ಆದರೂ ಇವುಗಳ ಹತ್ತಿರ ಆರಾಮಾಗಿ ಇರುವ ಅಲರ್ಜಿಯ ಜನ ಬಹಳ ಇದ್ದಾರೆ.

ಹಾಗಾಗಿ ನೀವೇ ಪರೀಕ್ಷೆ ಮಾಡಿ ನೋಡಬೇಕು. ಉಬ್ಬಸ ಇದ್ದವರು ಮೊದಲು ವೈದ್ಯರನ್ನು ಕೇಳಿ, ಅವರು ಹೇಳಿದ ಔಷಧಿ ಜೇಬಿನಲ್ಲೇ ಇಟ್ಟುಕೊಳ್ಳಿ. ಮೊದಲ ದಿನ ಬಯಲಲ್ಲಿ, ಬರೀ ಕರ್ಲಿ ಕುದುರೆಗಳೇ ಇರುವ ಕಡೆ, ಸ್ವಲ್ಪ ದೂರದಲ್ಲಿ ಹತ್ತು ನಿಮಿಷ ನಿಲ್ಲಿ. ಮುಟ್ಟಬೇಡಿ. ಮಾರನೆಯ ದಿನದವರೆಗೂ ಮೈಯನ್ನು ಗಮನಿಸಿ. ಎರಡನೇ ಸಲ ಕೈಯಿಂದ ಮುಟ್ಟಿ, ತಕ್ಷಣ ಕೈ ತೊಳೆಯಿರಿ. ಮೂರನೇ ಸಲ ಮೈ ಉಜ್ಜಿ ನೋಡಿ. ಒಂದು ಕುದುರೆ ಒಗ್ಗಿತು ಅಂದ ಮಾತ್ರಕ್ಕೆ ಇನ್ನೊಂದೂ ಒಗ್ಗುತ್ತದೆ ಎನ್ನುವ ಹಾಗಿಲ್ಲ. ಕೊಳ್ಳುವುದಾದರೆ ಆ ಕುದುರೆಯ ಜೊತೆಗೇ ಮೂರು ನಾಲ್ಕು ದಿನ ಕಳೆಯಿರಿ. ಲಾಯದ ಹುಲ್ಲಿನ ದೂಳಿಗೂ ಸೀನು ಬರುತ್ತದೆ, ಅದನ್ನು ಕುದುರೆಯ ತಲೆಗೆ ಕಟ್ಟಬೇಡಿ.

ನಿಮಗೆ ತಕ್ಕ ಕುದುರೆ

ಇಲ್ಲಿ ಕುದುರೆಯ ಎತ್ತರವನ್ನು 'ಹ್ಯಾಂಡ್' ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಎಂದರೆ 4 ಇಂಚು. ಕರ್ಲಿಗಳು ಸಾಮಾನ್ಯವಾಗಿ 14ರಿಂದ 15 ಹ್ಯಾಂಡ್ ಇರುತ್ತವೆ, ಅಂದರೆ ಹೆಗಲ ಹತ್ತಿರ ಸುಮಾರು 142ರಿಂದ 152 ಸೆಂಟಿಮೀಟರ್. ತೂಕ 400 ಕಿಲೋ ಆಸುಪಾಸು. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು. 400 ಕಿಲೋ ಕುದುರೆಗೆ 80 ಕಿಲೋ. ಅಮೆರಿಕದ ಕೌಬಾಯ್ ಜೀನೇ 15 ಕಿಲೋ ಹತ್ತಿರ ತೂಗುತ್ತದೆ. ಹಾಗಾಗಿ ನಿಮ್ಮ ತೂಕವನ್ನು ಮುಚ್ಚುಮರೆಯಿಲ್ಲದೆ ಲೆಕ್ಕ ಹಾಕಿ.

ಮೊದಲ ಕುದುರೆಯಾದರೆ ಎಂಟು ವರ್ಷ ದಾಟಿದ, ಬೇರೆಯವರು ಚೆನ್ನಾಗಿ ಸವಾರಿ ಮಾಡಿದ ಕುದುರೆಯೇ ಒಳ್ಳೆಯದು. ಎರಡು ವರ್ಷದ ಮರಿ ಸಾಧು ಇದೆ ಅಂತ ಜೀನು ಹಾಕಿ ಹತ್ತಿಬಿಡುವವರನ್ನು ನೋಡಿದ್ದೇನೆ, ಬೇಸರವಾಗುತ್ತದೆ. ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಸಾಧುತನಕ್ಕೂ ಮೂಳೆಗೂ ಏನು ಸಂಬಂಧ?

ಮೊದಲ ವಾರ: ಸವಾರಿ ಬೇಡ

ಮನೆಗೆ ಬಂದ ಕುದುರೆಗೆ ಮೇವು, ನೀರು, ಜೊತೆಗಾರ ಕುದುರೆ ಸಿಗಲಿ. ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ ಒಣಹುಲ್ಲು, ಅಂದರೆ ಆರರಿಂದ ಎಂಟು ಕಿಲೋ. ನೀರು 20ರಿಂದ 40 ಲೀಟರ್. ಕರ್ಲಿಗಳು ಕಡಿಮೆ ಮೇವಿಗೇ ದಪ್ಪ ಆಗುವ ಜಾತಿ, ಕಾಳು ಸುರಿಯಬೇಡಿ.

ಈ ವಾರದಲ್ಲಿ ನಿಮ್ಮ ಕೆಲಸ ಒಂದೇ. ದಿನಕ್ಕೆ ಎರಡು ಸಲ ಹೋಗಿ ಸುಮ್ನೆ ಜೊತೆಯಲ್ಲಿ ನಿಲ್ಲಿ. ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಅದಕ್ಕೆ ಕಾಣುವುದಿಲ್ಲ. ಹೆಗಲ ಕಡೆಯಿಂದ, ಮಾತಾಡುತ್ತಾ ಹೋಗಿ. ಕನ್ನಡದಲ್ಲೇ ಮಾತಾಡಿ, ಏನೂ ತೊಂದರೆ ಇಲ್ಲ. ನಮ್ಮಜ್ಜ ಎತ್ತುಗಳನ್ನು ನಿಲ್ಲಿಸಲು 'ಹೋ... ಹೋ...' ಎನ್ನುತ್ತಿದ್ದರು. ಇಲ್ಲಿನವರು ಕುದುರೆ ನಿಲ್ಲಿಸಲು ಹೇಳುವುದೂ ಹೆಚ್ಚು ಕಡಿಮೆ ಅದೇ ಸದ್ದು. ಬೆಲ್ಲಳಿಗೆ ನಾನು ಅಜ್ಜನ 'ಹೋ' ಹೇಳಿದ ಮೊದಲ ದಿನವೇ ನಿಂತಳು. ನನಗೆ ಗಂಟಲು ಕಟ್ಟಿತು.

ನೆಲದ ಮೇಲಿನ ಪಾಠ

ಎರಡನೇ ವಾರದಿಂದ ಹಾಲ್ಟರ್ (ಕುದುರೆಯ ತಲೆಗೆ ತೊಡಿಸುವ ಪಟ್ಟಿ) ಮತ್ತು ಮೂರೂವರೆ ಮೀಟರ್ ಉದ್ದದ ಹಗ್ಗ ಹಿಡಿದು ಶುರು ಮಾಡಿ. ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ. ಮಡಿಸಿ ಮುಷ್ಟಿಯಲ್ಲಿ ಹಿಡಿಯಿರಿ. ಕಂಬಕ್ಕೆ ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿ.

ನಾಲ್ಕು ಪಾಠ ಸಾಕು. ಹಗ್ಗ ಸಡಿಲವಾಗಿ ಜೊತೆಗೆ ನಡೆಯುವುದು, ಹೇಳಿದಾಗ ನಿಲ್ಲುವುದು, ಎರಡು ಹೆಜ್ಜೆ ಹಿಂದೆ ಹೋಗುವುದು, ಹಿಂಗಾಲುಗಳನ್ನು ಪಕ್ಕಕ್ಕೆ ಸರಿಸುವುದು. ಕಲಿಸುವ ಬಗೆ ಎಲ್ಲಕ್ಕೂ ಒಂದೇ. ಮೆಲ್ಲಗೆ ಒತ್ತಡ ಕೊಡಿ. ಕುದುರೆ ಸರಿಯಾದ ಕಡೆ ಒಂದು ಚೂರು ವಾಲಿದರೂ ತಕ್ಷಣ ಒತ್ತಡ ಬಿಡಿ. ಕುದುರೆ ಕಲಿಯುವುದು ನೀವು ಬಿಟ್ಟ ಆ ಕ್ಷಣದಲ್ಲಿ. ತಡವಾಗಿ ಬಿಟ್ಟರೆ ಬೇರೆ ಏನನ್ನೋ ಕಲಿಯುತ್ತದೆ. ಬೆರಳಲ್ಲಿ ಪಕ್ಕೆ ಒತ್ತಿದಾಗ ಅದು ತಲೆ ಎಸೆಯಿತು, ಆಗ ನೀವು ಬೆರಳು ತೆಗೆದಿರಿ ಅಂತಿಟ್ಟುಕೊಳ್ಳಿ. ನಾಳೆಯೂ ತಲೆ ಎಸೆಯುತ್ತದೆ.

ಕರ್ಲಿಗೆ ಹದಿನೈದು ನಿಮಿಷದ ಪಾಠ ಸಾಕು. ಬೆಲ್ಲ ಮೂರನೇ ಸಲಕ್ಕೇ ವಿಷಯ ಹಿಡಿಯುತ್ತಾಳೆ. ಏಳನೇ ಸಲ ಅದನ್ನೇ ಕೇಳಿದರೆ ಬೇಸರದಿಂದ ನನ್ನ ಜೇಬು ಎಳೆಯುತ್ತಾಳೆ. ಸರಿಯಾಗಿ ಮಾಡಿದ ಒಂದು ಪ್ರಯತ್ನದ ಮೇಲೆ ಪಾಠ ಮುಗಿಸಿ, ಬಿಟ್ಟುಬಿಡಿ.

ನಿಂತ ಕುದುರೆಯನ್ನು ಓದುವುದು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಕರ್ಲಿ ನಿಲ್ಲುವುದರಲ್ಲಿ ಎರಡು ಬಗೆ ಇದೆ. ಒಂದು ಯೋಚಿಸುವ ನಿಲುವು. ಆಗ ಕತ್ತು ಬೆನ್ನಿನ ಮಟ್ಟದಲ್ಲೋ ಸ್ವಲ್ಪ ಮೇಲೋ ಇರುತ್ತದೆ. ಒಂದು ಕಿವಿ ವಸ್ತುವಿನ ಕಡೆ, ಇನ್ನೊಂದು ನಿಮ್ಮ ಕಡೆ ತಿರುಗುತ್ತದೆ. ಕಣ್ಣು ಮಿಟುಕಿಸುತ್ತದೆ. ಪಕ್ಕೆಲುಬು ಉಸಿರಿಗೆ ತಕ್ಕಂತೆ ಆಡುತ್ತದೆ. ಸ್ವಲ್ಪ ಹೊತ್ತಿಗೆ ತುಟಿ ನೆಕ್ಕಿ, ತಲೆ ಇಳಿಸಿ, ಮೂಸಲು ಮುಂದಾಗುತ್ತದೆ. ಇಂಥ ಹೊತ್ತಲ್ಲಿ ನಿಮ್ಮ ಕೆಲಸ ಕಾಯುವುದು. ಅರ್ಧ ನಿಮಿಷ, ಒಂದು ನಿಮಿಷ. ಹಿಮ್ಮಡಿಯಿಂದ ಒದೆಯಬೇಡಿ, ಹಗ್ಗ ಎಳೆಯಬೇಡಿ.

ಇನ್ನೊಂದು ಹೆಪ್ಪುಗಟ್ಟಿದ ನಿಲುವು. ಕತ್ತು ಕಂಬದ ಹಾಗೆ ಮೇಲೆ. ಎರಡೂ ಕಿವಿ ಒಂದೇ ಕಡೆ ನೆಟ್ಟಿರುತ್ತವೆ. ಕಣ್ಣು ಮಿಟುಕಿಸುವುದೇ ಇಲ್ಲ. ಮೂಗಿನ ಹೊಳ್ಳೆ ಬಿಗಿ, ಕೆಳತುಟಿ ಬಿಗಿ. ಉಸಿರು ಹಿಡಿದಿರುತ್ತದೆ. ಹೆಗಲ ಮೇಲೆ ಕೈ ಇಟ್ಟರೆ ಹಲಗೆಯಂತೆ ಗಟ್ಟಿ. ಹೊರಗಿಂದ ನೋಡುವವರಿಗೆ ಎರಡೂ ಒಂದೇ ಥರ, 'ಎಷ್ಟು ಸಾಧು ಕುದುರೆ' ಎನ್ನುತ್ತಾರೆ. ಚಳಿಗಾಲದಲ್ಲಂತೂ ದಟ್ಟ ಸುರುಳಿಯ ಕೆಳಗೆ ಮೈ ಬಿಗಿದಿರುವುದು ಕಣ್ಣಿಗೆ ಕಾಣುವುದೇ ಇಲ್ಲ, ಕೈಗೆ ಮಾತ್ರ ಸಿಗುತ್ತದೆ.

ಇದನ್ನು ನಾನು ಕಲಿತದ್ದು ಬಿದ್ದು. ಮೊದಲ ವರ್ಷ ಒಂದು ದಿನ ಪಕ್ಕದ ಜಮೀನಿನಲ್ಲಿ ನೀಲಿ ಟಾರ್ಪಾಲು ಗಾಳಿಗೆ ಬಡಿಯುತ್ತಿತ್ತು. ಬೆಲ್ಲ ನಿಂತಳು. ಯೋಚಿಸುತ್ತಿದ್ದಾಳೆ ಎಂದುಕೊಂಡೆ. ಕಣ್ಣು ನೋಡಲಿಲ್ಲ, ಉಸಿರು ನೋಡಲಿಲ್ಲ. ಸ್ವಲ್ಪ ಕಾದು, ಮುಂದೆ ಹೋಗು ಎಂದು ಕಾಲು ಒತ್ತಿದೆ. ಒಂದೇ ನೆಗೆತಕ್ಕೆ ಪಕ್ಕಕ್ಕೆ ಹಾರಿದಳು, ನಾನು ನೆಲದ ಮೇಲಿದ್ದೆ. ಮಣಿಕಟ್ಟಿಗೆ ಆರು ವಾರ ಪಟ್ಟಿ. ಅವಳು ಅಷ್ಟು ಹೊತ್ತು ನಿಂತೇ ಹೇಳುತ್ತಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ.

ಹೆಪ್ಪುಗಟ್ಟಿದೆ ಅನ್ನಿಸಿದರೆ ಹೀಗೆ ಮಾಡಿ. ಮೇಲಿದ್ದರೆ ನಿಧಾನವಾಗಿ ಒಂದು ಲಗಾಮಿನಿಂದ ತಲೆಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಎರಡು ಹೆಜ್ಜೆ ಹಾಕಿಸಿ. ಕಾಲು ಚಲಿಸಿದರೆ ಉಸಿರು ಬರುತ್ತದೆ. ಆ ವಸ್ತುವಿನಿಂದ ದೂರ ಹೋಗಿ, ಕಣ್ಣು ಮಿಟುಕಿಸುವಷ್ಟು ದೂರ. ಅಲ್ಲಿಂದ ಮತ್ತೆ ಶುರು ಮಾಡಿ. ಧೈರ್ಯ ಬರದಿದ್ದರೆ, ಕುದುರೆ ಇನ್ನೂ ಸುಮ್ಮನಿರುವಾಗಲೇ ಇಳಿದುಬಿಡಿ. ಇಳಿದರೆ ಕುದುರೆ ಕೆಟ್ಟುಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಹತ್ತಾರು ಸಲ ಇಳಿದಿದ್ದೇನೆ, ಬೆಲ್ಲ ಏನೂ ಕೆಟ್ಟಿಲ್ಲ.

ಮನೆಯ ಅಂಗಳದಲ್ಲೇ ಅಭ್ಯಾಸ ಮಾಡಿಸಬಹುದು. ಟಾರ್ಪಾಲನ್ನು ಮೊದಲು ಮಡಿಸಿ ದೂರದಲ್ಲಿ ಇಡಿ. ಅದರ ಕಡೆ ನೋಡಿ ಉಸಿರು ಬಿಟ್ಟರೆ, ಕುದುರೆಯನ್ನೇ ಅಲ್ಲಿಂದ ಆಚೆ ಕರೆದುಕೊಂಡು ಹೋಗಿ. ದಿನದಿಂದ ದಿನಕ್ಕೆ ಬಿಚ್ಚುತ್ತಾ ಬನ್ನಿ. ನಮಗೆ ಇದಕ್ಕೆ ಹನ್ನೊಂದು ದಿನ ಬೇಕಾಯಿತು.

ಸುರುಳಿಯ ಆರೈಕೆ

ಒಣಗಿದ ಸುರುಳಿಯನ್ನು ಬಾಚಿದರೆ ಹತ್ತಿ ಹಿಂಜಿದ ಹಾಗೆ ಉಬ್ಬುತ್ತದೆ. ನಮ್ಮಲ್ಲಿ ಗುಂಗುರು ಕೂದಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಯಾಲು ಗಂಟಾದರೆ ನೀರು ಚಿಮುಕಿಸಿ ಬೆರಳಲ್ಲೇ ಬಿಡಿಸಿ. ಮೈಗೆ ಮೆತ್ತನೆಯ ಬ್ರಶ್ಶು ಸಾಕು. ಆದರೆ ಜೀನು ಕೂರುವ ಜಾಗ ಮತ್ತು ಹೊಟ್ಟೆಪಟ್ಟಿ ಬರುವ ಜಾಗದಲ್ಲಿ ಬೆರಳು ಚರ್ಮದವರೆಗೂ ಇಳಿಯಬೇಕು. ಮುಳ್ಳುಹುಲ್ಲಿನ ತೆನೆ ಸುರುಳಿಯೊಳಗೆ ಅಡಗಿ ಕೂರುತ್ತದೆ.

ಬೇಸಿಗೆಗೆ ಸುರುಳಿ ಉದುರಿ ಮೈ ಬಹುಪಾಲು ನುಣುಪಾಗುತ್ತದೆ. ಕೆಲವು ಕುದುರೆಗಳಲ್ಲಿ ಅಯಾಲು, ಬಾಲದ ಕೂದಲು ಕೂಡ ಉದುರಿ ಚಳಿಗೆ ಮತ್ತೆ ಬರುತ್ತದೆ. ಮೊದಲ ವರ್ಷ ನಾನು ರೋಗ ಎಂದು ಗಾಬರಿಯಾಗಿ ಪಶುವೈದ್ಯರನ್ನು ಕರೆಸಿದ್ದೆ. ಸುರುಳಿಗೆ ಕಾರಣವಾದ ಎರಡು ವಂಶವಾಹಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅದರಲ್ಲಿ ಒಂದು ಇದ್ದ ಕುದುರೆಗಳಲ್ಲಿ ಅಯಾಲು, ಬಾಲ ತೆಳ್ಳಗಿರುವುದು ಜಾಸ್ತಿ. ಚರ್ಮದ ಮೇಲೆ ಹುಣ್ಣು, ತುರಿಕೆ ಇದ್ದರೆ ಮಾತ್ರ ಅದು ಬೇರೆ ವಿಚಾರ, ವೈದ್ಯರನ್ನು ಕರೆಯಿರಿ. ಉದುರಿದ ಕೂದಲನ್ನು ಎಸೆಯಬೇಡಿ. ಅದರಿಂದ ನೂಲು ತೆಗೆಯುವವರಿದ್ದಾರೆ.

ಚಳಿಗಾಲದಲ್ಲಿ ಇನ್ನೊಂದು ಎಚ್ಚರ. ದಟ್ಟ ಕೂದಲಿನಲ್ಲಿ ಬಡಕಲು ಕುದುರೆಯೂ ದಪ್ಪ ಕಾಣುತ್ತದೆ. ವಾರಕ್ಕೊಮ್ಮೆ ಪಕ್ಕೆಯನ್ನು ಕೈಯಿಂದ ಒತ್ತಿ ನೋಡಿ. ಎಲುಬು ಮೆತ್ತಗೆ ಸಿಗಬೇಕು, ಚುಚ್ಚಬಾರದು.

ಜೀನು ಮತ್ತು ಮೊದಲ ಸವಾರಿ

ಬಹಳ ಕರ್ಲಿಗಳ ಮೈ ದುಂಡು, ಬೆನ್ನು ಗಿಡ್ಡ, ಹೆಗಲಿನ ಉಬ್ಬು ಕಡಿಮೆ. ಅಂಗಡಿಯ ಸಾಮಾನ್ಯ ಜೀನು ಇವುಗಳ ಮೇಲೆ ಪಕ್ಕಕ್ಕೆ ಜಾರುತ್ತದೆ. ಜಾರುತ್ತದೆ ಎಂದು ಹೊಟ್ಟೆಪಟ್ಟಿಯನ್ನು ಇನ್ನೂ ಬಿಗಿದರೆ ಕುದುರೆಗೆ ನೋವು. ಅಗಲದ ಜೀನು ಹುಡುಕಿ, ಕೊಳ್ಳುವ ಮುಂಚೆ ತಂದು ಹಾಕಿ ನೋಡಿ. ಅರ್ಧ ಗಂಟೆ ಸವಾರಿಯ ಮೇಲೆ ಜೀನು ತೆಗೆದಾಗ ಬೆವರು ಎರಡೂ ಕಡೆ ಸಮನಾಗಿ ಇರಬೇಕು. ನಡುವೆ ಒಣಗಿದ ತೇಪೆ ಇದ್ದರೆ ಅಲ್ಲಿ ಒತ್ತುತ್ತಿದೆ ಎಂದು ಅನುಮಾನ ಪಡಿ. ಪಟ್ಟಿಯನ್ನು ಒಂದೇ ಸಲಕ್ಕೆ ಬಿಗಿಯಬೇಡಿ. ಸ್ವಲ್ಪ ಬಿಗಿದು, ಹತ್ತು ಹೆಜ್ಜೆ ನಡೆಸಿ, ಮತ್ತೆ ಬಿಗಿದು, ಹತ್ತುವ ಮುಂಚೆ ಕೊನೆಯ ಸಲ ನೋಡಿ.

ಹೆಲ್ಮೆಟ್ ಹಾಕದೆ ಹತ್ತಬೇಡಿ. ಹಿಮ್ಮಡಿ ಇರುವ ಶೂ ಹಾಕಿ, ಇಲ್ಲದಿದ್ದರೆ ರಿಕಾಪಿನೊಳಗೆ ಪಾದ ಪೂರ್ತಿ ತೂರಿ ಸಿಕ್ಕಿಕೊಳ್ಳುತ್ತದೆ. ನೆಲದಿಂದ ಹತ್ತಿದರೆ ಜೀನು ಒಂದು ಕಡೆ ಎಳೆಯುತ್ತದೆ, ಒಂದು ಮಣೆ ಇಟ್ಟುಕೊಳ್ಳಿ. ಮೊದಲ ಐದಾರು ಸವಾರಿ ಬೇಲಿಯೊಳಗೇ ಇರಲಿ. ನಡಿಗೆ, ನಿಲ್ಲುವುದು, ತಿರುಗುವುದು. ಅಷ್ಟೇ. ಹತ್ತಿದ ತಕ್ಷಣ ಹೊರಡಬೇಡಿ. ಒಂದು ನಿಮಿಷ ಮೇಲೆ ಕುಳಿತು, ನಿಮ್ಮ ಉಸಿರು ಎಣಿಸಿ. ನೀವು ಹೇಳುವವರೆಗೂ ಕುದುರೆ ನಿಂತಿರುವ ಅಭ್ಯಾಸ ಮುಂದೆ ಬಯಲಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಬಯಲಿಗೆ

ಮೊದಲ ಸಲ ಒಬ್ಬರೇ ಹೋಗಬೇಡಿ. ಅನುಭವ ಇರುವ ಕುದುರೆ ಒಂದು ಜೊತೆಗಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ. ಮೊಬೈಲು ನಿಮ್ಮ ಮೈಮೇಲಿರಲಿ, ಜೀನಿನ ಚೀಲದಲ್ಲಿ ಬೇಡ. ಬಿದ್ದರೆ ಕುದುರೆ ಮೊಬೈಲಿನ ಜೊತೆ ಮನೆಗೆ ಹೋಗಿಬಿಡುತ್ತದೆ. ಅರ್ಧ ಗಂಟೆ ಹೋಗಿ, ಅರ್ಧ ಗಂಟೆ ಬನ್ನಿ. ವಾಪಸ್ಸು ಬರುವಾಗ ನಡಿಗೆಯಲ್ಲೇ ಬನ್ನಿ. ಮನೆ ಕಡೆ ಓಡಿಸುವ ಚಟ ಹತ್ತಿದರೆ ಬಿಡಿಸುವುದು ಕಷ್ಟ.

ಅಮೆರಿಕದ ಕಾಡು ಕುದುರೆಗಳಲ್ಲಿ ಅರ್ಧದಷ್ಟು ನೆವಾಡಾದಲ್ಲೇ ಇವೆ. 1971ರ ಕೇಂದ್ರ ಕಾನೂನು ಅವಕ್ಕೆ ರಕ್ಷಣೆ ಕೊಟ್ಟಿದೆ. ಹಿಂಡು ಕಂಡರೆ ಹತ್ತಿರ ಹೋಗಬೇಡಿ, ಮೇವು ಕೊಡಬೇಡಿ. ಹಿಂಡಿನ ಗಂಡು ನಿಮ್ಮ ಹೆಣ್ಣು ಕುದುರೆಯ ಕಡೆ ಬರಬಹುದು. ದೂರದಲ್ಲಿ ಕಂಡಾಗಲೇ ದಾರಿ ಬದಲಿಸಿ.

ಟಾರ್ಪಾಲಿನ ಘಟನೆಯ ಮರುವರ್ಷ, ಇಂಥದೇ ಒಂದು ಸವಾರಿ. ಸೇಜ್‌ಬ್ರಶ್ ಪೊದೆಗಳ ನಡುವಿನ ಕಾಲುದಾರಿಯಲ್ಲಿ ಬೆಲ್ಲ ನಿಂತಳು. ಈ ಸಲ ನೋಡಿದೆ. ಕಣ್ಣು ಮಿಟುಕುತ್ತಿತ್ತು, ಒಂದು ಕಿವಿ ನನ್ನ ಕಡೆ ಇತ್ತು, ತಲೆ ಕೆಳಗೆ. ಕಾದೆ. ಅವಳು ಕದಲಲಿಲ್ಲ. ಇಳಿದು ಹುಲ್ಲು ಸರಿಸಿದರೆ ಹಳೆಯ ಮುಳ್ಳುತಂತಿಯ ಸುರುಳಿ. ಯಾವ ಕಾಲದ ಬೇಲಿಯೋ ಏನೋ. ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ ಗೊರಸಿನ ಮೇಲಿನ ಚರ್ಮ ಸೀಳುತ್ತಿತ್ತು. ಕೈಯಲ್ಲೇ ಲಗಾಮು ಹಿಡಿದು ಸುತ್ತಿ ಬಂದೆವು.

ಮರಳಿ ಬಂದ ಮೇಲೆ

ಜೀನು ತೆಗೆದು ಗೊರಸುಗಳ ತಳ ಕೆರೆದು ಕಲ್ಲು ನೋಡಿ. ಕರ್ಲಿಗಳ ಗೊರಸು ಸಾಮಾನ್ಯವಾಗಿ ಗಟ್ಟಿ, ಎಷ್ಟೋ ಕುದುರೆಗಳು ಲಾಳ ಇಲ್ಲದೆಯೇ ಓಡಾಡುತ್ತವೆ. ಆದರೂ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು. ಉಸಿರು ನಿಮಿಷಕ್ಕೆ 16ರ ಒಳಗೆ ಇಳಿಯುವವರೆಗೂ ಸುಮ್ನೆ ನಡೆಸಿ. ಅಲರ್ಜಿ ಇರುವ ಮಕ್ಕಳು ಸವಾರಿಯ ಬಟ್ಟೆಯಲ್ಲಿ ಸೋಫಾ ಮೇಲೆ ಕೂರದಿರಲಿ. ಬಟ್ಟೆ ನೇರ ಒಗೆಯಲು ಹಾಕಿ.

ಚಳಿಗಾಲವಾದರೆ ಇನ್ನೊಂದು ಕೆಲಸ ಬಾಕಿ. ಸುರುಳಿ ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ಬೆವರು ಹಿಡಿದಿಟ್ಟುಕೊಂಡಿರುತ್ತದೆ. ಹೊರಗೆ ಮೈನಸ್ ಹತ್ತು ಡಿಗ್ರಿ ಇರುವಾಗ ಒದ್ದೆ ಬುಡದ ಕುದುರೆಯನ್ನು ಬಿಡಬಾರದು. ಟವೆಲಿನಿಂದ ಕೂದಲಿನ ಎದುರು ದಿಕ್ಕಿಗೆ ಉಜ್ಜಿ. ಎದೆ, ಮುಂಗಾಲಿನ ಹಿಂದೆ, ಜೀನಿನ ಜಾಗ. ಒಂದಷ್ಟು ಹುಲ್ಲು ಹಾಕಿ, ಕಾದು, ಮತ್ತೆ ಬೆರಳನ್ನು ಚರ್ಮದವರೆಗೂ ಇಳಿಸಿ ನೋಡಿ. ಬೆರಳು ಒಣಗಿಯೇ ಹೊರಗೆ ಬಂದರೆ ಹಗ್ಗ ಬಿಚ್ಚಿ ಬಿಡಿ.